ಸ್ವಭಾವ ಬೇಡ, ನಡೆದದ್ದನ್ನು ಬರೆಯಿರಿ

ಓದುಗರ ಪ್ರಶ್ನೆಗಳಿಗೆ ಕೊಪ್ಪಳದ ನಿವೃತ್ತ ಪಶುವೈದ್ಯೆಯೊಬ್ಬರ ಉತ್ತರ

ಈ ಸಲ ಬಂದ ಪತ್ರಗಳ ಪ್ರಕಾರ ಒಂದು ನಾಯಿಗೆ ದರ್ಪ, ಒಂದು ಎತ್ತು ಮೈಗಳ್ಳ, ಒಂದು ಎಮ್ಮೆಗೆ ಸೊಕ್ಕು. ಯಾವ ದೂರೂ ಇಲ್ಲದ್ದು ಗಿಳಿಯೊಂದೇ. ಅಲ್ಲಿ ತೊಡಕಿರುವುದು ಸಾಕಿದವರಿಗೆ. ಪ್ರಾಣಿಯ ಗುಣ ಹೇಳುವುದರಲ್ಲಿ ನಾವು ಬಹಳ ಧಾರಾಳಿಗಳು. ಅದು ಏನು ಮಾಡಿತು, ಎಷ್ಟು ಹೊತ್ತಿಗೆ, ಯಾರ ಎದುರು ಎಂದು ಕೇಳಿದರೆ ಮಾತ್ರ ಪತ್ರ ತುಟಿ ಬಿಚ್ಚುವುದಿಲ್ಲ. ಆದ್ದರಿಂದ ಕೆಲವು ಉತ್ತರಗಳಲ್ಲಿ ನನ್ನವೇ ಮರುಪ್ರಶ್ನೆಗಳಿವೆ, ಬೇಸರಿಸಿಕೊಳ್ಳಬೇಡಿ.

ಪ್ರಶ್ನೆ: ಮೇಡಂ, ನಮಸ್ಕಾರ. ನಾನು ಮನೆ ಮನೆಗೆ ಹೋಗಿ ನಾಯಿಗಳಿಗೆ ತರಬೇತಿ ಕೊಡುತ್ತೇನೆ. ರೈಸ್‌ಮಿಲ್ ಮಾಲೀಕರೊಬ್ಬರ ಮನೆಯಲ್ಲಿ ಎರಡು ವರ್ಷದ ಜರ್ಮನ್ ಶೆಫರ್ಡ್ ಗಂಡು ನಾಯಿ ಇದೆ. ಊಟದ ತಟ್ಟೆಯ ಹತ್ತಿರ ಹೋದರೆ ಗುರುಗುಟ್ಟುತ್ತದೆ. ಗೇಟು ತೆರೆದರೆ ಎಲ್ಲರಿಗಿಂತ ಮೊದಲು ನುಗ್ಗುತ್ತದೆ. ಸೋಫಾದಿಂದ ಇಳಿ ಎಂದರೆ ಇಳಿಯುವುದಿಲ್ಲ. ಇಂಥ ನಾಯಿ ತನ್ನನ್ನು ಮನೆಯ ‘ಆಲ್ಫಾ’, ಅಂದರೆ ಗುಂಪಿನ ಯಜಮಾನ, ಎಂದು ತಿಳಿದಿರುತ್ತದೆ, ಬೆನ್ನ ಮೇಲೆ ಕೆಡವಿ ಒತ್ತಿ ಹಿಡಿದು ಸೋಲೊಪ್ಪಿಸಬೇಕು ಎಂದು ವಿಡಿಯೋಗಳಲ್ಲಿ ಕಲಿತಿದ್ದೇನೆ. ಮನೆಯವರ ಮಗಳು ಅದೆಲ್ಲ ಹಳೆಯ ವಿಚಾರ ಎನ್ನುತ್ತಾಳೆ. ಯಾರದು ಸರಿ? (ಗಂಗಾವತಿ)

ಉತ್ತರ: ಮಗಳದು ಸರಿ, ತಮ್ಮಾ. ಆದರೆ ಏಕೆ ಸರಿ ಎಂಬುದು ನಿನಗೆ ಗೊತ್ತಿರಬೇಕು, ಏಕೆಂದರೆ ನಾಳೆ ಇನ್ನೊಂದು ಮನೆಯ ಯಜಮಾನರೇ ‘ಆಲ್ಫಾ’ ಎನ್ನುತ್ತಾರೆ, ಆಗ ಉತ್ತರ ಹೇಳಬೇಕಾದವನು ನೀನು.

ರುಡಾಲ್ಫ್ ಶೆಂಕೆಲ್ ಎಂಬ ವಿಜ್ಞಾನಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮೃಗಾಲಯದ ತೋಳಗಳನ್ನು ನೋಡಿ 1947ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಬೇಲಿಯೊಳಗೆ ಕೂಡಿಹಾಕಿದ ತೋಳಗಳು, ಓಡಿಹೋಗಲು ದಾರಿಯಿಲ್ಲ. ಅಲ್ಲಿ ಜಗಳ, ಮೇಲುಗೈ, ಕೆಳಗೈ ಎಲ್ಲವೂ ಕಂಡವು. ಅಮೆರಿಕದ ತೋಳತಜ್ಞ ಡೇವಿಡ್ ಮೆಕ್ 1970ರ ತಮ್ಮ ಪುಸ್ತಕದಲ್ಲಿ ಅಂಥ ಮೇಲುಗೈಯ ತೋಳಕ್ಕೆ ‘ಆಲ್ಫಾ’ ಎಂಬ ಮಾತನ್ನೇ ಬಳಸಿದ್ದರಿಂದ ಅದು ಲೋಕವೆಲ್ಲ ಹರಡಿತು. ನಂತರ ಇದೇ ಮೆಕ್ ಕೆನಡಾದ ಉತ್ತರ ತುದಿಯ ಎಲ್ಸ್‌ಮಿಯರ್ ದ್ವೀಪಕ್ಕೆ ಬೇಸಿಗೆಗೆ ಬೇಸಿಗೆಗೆ ಹೋಗಿ ಸ್ವತಂತ್ರವಾಗಿ ಬದುಕುವ ತೋಳಗಳನ್ನು ಹತ್ತಿರದಿಂದ ನೋಡಿದರು. ಅಲ್ಲಿ ಕಂಡದ್ದು ಸಂಸಾರ: ತಂದೆ, ತಾಯಿ, ಈ ವರ್ಷದ ಮರಿಗಳು, ಹಿಂದಿನ ವರ್ಷದ ಮರಿಗಳು. ಗುಂಪಿನ ‘ನಾಯಕ’ ಯುದ್ಧ ಗೆದ್ದು ಬಂದವನಲ್ಲ, ಮರಿಗಳ ಅಪ್ಪ. 1999ರಲ್ಲಿ ಅವರು ಆ ಹಳೆಯ ಹೆಸರನ್ನು ಕೈಬಿಡುವುದೇ ಒಳ್ಳೆಯದು ಎಂದು ಬರೆದರು. ತಮ್ಮ ಹಳೆಯ ಪುಸ್ತಕದ ಮುದ್ರಣ ನಿಲ್ಲಿಸಿ ಎಂದು ಪ್ರಕಾಶಕರಿಗೆ ಹೇಳುತ್ತಲೇ ಬಂದರು. ಅದು ನಿಂತದ್ದು 2022ರಲ್ಲಿ. ಮಾತನ್ನು ಹರಡಿದವರೇ ಹಿಂತೆಗೆದುಕೊಂಡರೂ ಅದು ಗಂಗಾವತಿಯ ತನಕ ಬಂದು ಕುಳಿತಿದೆ ನೋಡು.

ಹಾಗೆಂದು ನಾಯಿಗಳ ನಡುವೆ ಮೇಲುಗೈ ಎಂಬುದೇ ಇಲ್ಲ ಎನ್ನುತ್ತಿಲ್ಲ. ಮಟನ್ ಅಂಗಡಿಯ ಹಿಂದೆ ಎರಡು ನಾಯಿಗಳಿದ್ದರೆ ಯಾವುದು ಮೂಳೆ ಬಿಟ್ಟುಕೊಡುತ್ತದೆ ಎಂದು ಅಂಗಡಿಯವರು ಕಣ್ಣು ಮುಚ್ಚಿ ಹೇಳುತ್ತಾರೆ. ಆದರೆ ಅದು ಆ ಎರಡು ನಾಯಿಗಳ ನಡುವೆ, ಆ ಮೂಳೆಯ ಮಟ್ಟಿಗಿನ ಒಪ್ಪಂದ. ಮೂಳೆ ಬಿಟ್ಟುಕೊಟ್ಟ ನಾಯಿಯೇ ನೆರಳಿನ ಜಾಗವನ್ನು ಬಿಟ್ಟುಕೊಡದೆ ಇರಬಹುದು. ಅದನ್ನು ಒಂದು ನಾಯಿಯ ಹಣೆಯ ಮೇಲೆ ಬರೆದ ಗುಣವೆಂದು ತಿಳಿದಾಗ ತಪ್ಪುತ್ತದೆ. ಇನ್ನು ಮನೆಯ ನಾಯಿ ರೈಸ್‌ಮಿಲ್ ಮಾಲೀಕರ ಗಾದಿಗೆ ಪೈಪೋಟಿ ಹೂಡಿದೆ ಎನ್ನುವುದಕ್ಕೆ ನಿನ್ನ ಪತ್ರದಲ್ಲಿ ಒಂದೂ ಪುರಾವೆ ಇಲ್ಲ.

ಇರುವುದೇನು? ಮೂರು ಬೇರೆ ಬೇರೆ ಸಂಗತಿಗಳಿವೆ. ಮೂರಕ್ಕೂ ಒಂದೇ ಹೆಸರಿಟ್ಟು ಒಂದೇ ಔಷಧ ಕೊಡಲು ಹೊರಟಿದ್ದೀಯೆ.

ಸೋಫಾದ ವಿಷಯ ಮೊದಲು ಮುಗಿಸುತ್ತೇನೆ. ಏಪ್ರಿಲ್ ತಿಂಗಳ ಗಂಗಾವತಿಯಲ್ಲಿ ಫ್ಯಾನಿನ ಕೆಳಗಿನ ಸೋಫಾದಿಂದ ಇಳಿಯಲು ನನಗೂ ಮನಸ್ಸಾಗುವುದಿಲ್ಲ. ಫ್ಯಾನಿನ ಕೆಳಗೆ ನೆಲದ ಮೇಲೆ ಒದ್ದೆ ಗೋಣಿಚೀಲ ಹಾಸಿ, ಅಲ್ಲಿ ಮಲಗಿದಾಗೊಮ್ಮೆ ಒಂದು ತುಣುಕು ತಿಂಡಿ ಕೊಡಲು ಹೇಳು.

ಗೇಟಿನ ವಿಷಯ: ನುಗ್ಗಿದಾಗಲೆಲ್ಲ ಗೇಟು ತೆರೆದೇ ಇತ್ತು, ಬೀದಿ ಸಿಕ್ಕಿತು, ವಾಸನೆ ಸಿಕ್ಕಿತು. ಹಾಗಾದ ಮೇಲೆ ನುಗ್ಗದೆ ಇನ್ನೇನು ಮಾಡೀತು? ನಾಲ್ಕೂ ಕಾಲು ನೆಲದ ಮೇಲಿದ್ದಾಗ ಮಾತ್ರ ಗೇಟು ತೆರೆಯಲಿ, ಮೈ ಮುಂದೆ ಬಂದರೆ ಮುಚ್ಚಲಿ. ಆದರೆ ಒಂದು ಎಚ್ಚರಿಕೆಯನ್ನು ಮನೆಯವರಿಗೆ ಮೊದಲೇ ಹೇಳು. ಇಷ್ಟು ದಿನ ಫಲ ಕೊಟ್ಟ ನಡೆ ಫಲ ಕೊಡದೆ ಹೋದಾಗ ಪ್ರಾಣಿ ಅದನ್ನು ಬಿಡುವ ಮುಂಚೆ ಇನ್ನೂ ಜೋರು ಮಾಡುತ್ತದೆ. ಆ ನಡುವಿನ ದಿನಗಳಲ್ಲಿ ಯಾರಾದರೂ ಒಬ್ಬರು, ಸಾಮಾನ್ಯವಾಗಿ ಮನೆಯ ಅಜ್ಜಿ, ಅಯ್ಯೋ ಪಾಪ ಎಂದು ಗೇಟು ತೆರೆಯುತ್ತಾರೆ. ಆಗ ನಾಯಿ ಕಲಿಯುವುದು, ಇನ್ನಷ್ಟು ಜೋರಾಗಿ ನುಗ್ಗಿದರೆ ಗೇಟು ತೆರೆಯುತ್ತದೆ ಎಂದು.

ತಟ್ಟೆಯ ವಿಷಯವೇ ನಿಜಕ್ಕೂ ಗಂಭೀರವಾದದ್ದು, ಅದರ ಬಗ್ಗೆಯೇ ನೀನು ಅತಿ ಕಡಿಮೆ ಬರೆದಿದ್ದೀಯೆ. ಯಾರು ಹತ್ತಿರ ಹೋದಾಗ? ಎಷ್ಟು ದೂರದಲ್ಲಿ ಅದು ಅಗಿಯುವುದನ್ನು ನಿಲ್ಲಿಸಿತು? ಗುರುಗುಟ್ಟುವ ಮುಂಚೆ ಮೈ ಬಿಗಿಯಾಯಿತೇ, ತಲೆ ಎತ್ತದೆ ಓರೆಗಣ್ಣಿನಲ್ಲಿ ನೋಡಿತೇ, ತುತ್ತಿನ ವೇಗ ಹೆಚ್ಚಾಯಿತೇ? ಅನ್ನ ಹಾಕಿದಾಗ ಸುಮ್ಮನಿದ್ದು ಕೋಳಿ ಹಾಕಿದಾಗ ಮಾತ್ರ ಹೀಗೆಯೇ? ಮೊದಲು ಯಾರಾದರೂ ಬಾಯಿಯಿಂದ ಕಿತ್ತುಕೊಂಡದ್ದುಂಟೇ? ಇಷ್ಟನ್ನು ಬರೆದಿಡು, ಚಿಕಿತ್ಸೆಯ ಅರ್ಧ ಅಲ್ಲೇ ಸಿಗುತ್ತದೆ.

ಗುರುಗುಟ್ಟಿದ್ದಕ್ಕೆ ಹೊಡೆದರೆ ಗುರುಗುಟ್ಟುವುದು ನಿಲ್ಲಬಹುದು, ಭಯ ನಿಲ್ಲುವುದಿಲ್ಲ. ತುಂಗಭದ್ರಾ ಜಲಾಶಯದಿಂದ ನೀರು ಬಿಡುವ ಮೊದಲು ನದಿಪಾತ್ರದ ಊರುಗಳಿಗೆ ಎಚ್ಚರಿಕೆ ಕೊಡುತ್ತಾರಲ್ಲ, ಆ ಎಚ್ಚರಿಕೆಯನ್ನು ಬಂದ್ ಮಾಡಿಸಿ ಪ್ರವಾಹ ತಡೆದೆ ಎಂದಂತೆ. ಮುಂದಿನ ಸಲ ಹಲ್ಲು ಸದ್ದಿಲ್ಲದೆ ಬರುತ್ತದೆ, ಬಹುತೇಕ ಮನೆಯ ಚಿಕ್ಕ ಮಗುವಿನ ಕೈಗೆ. ಕೆಡವಿ ಒತ್ತುವ ಉಪಾಯವಂತೂ ಬೇಡವೇ ಬೇಡ. ಅಮೆರಿಕದಲ್ಲಿ ವರ್ತನೆಯ ತೊಂದರೆಗಾಗಿ ನಾಯಿಗಳನ್ನು ಪಶುವೈದ್ಯರಲ್ಲಿಗೆ ಕರೆತಂದವರನ್ನು ವಿಚಾರಿಸಿದ ಅಧ್ಯಯನವೊಂದು 2009ರಲ್ಲಿ ಪ್ರಕಟವಾಯಿತು. ಹಾಗೆ ಕೆಡವಿದ ಮಾಲೀಕರಲ್ಲಿ ಶೇ 31ರಷ್ಟು ಮಂದಿ ನಾಯಿ ತಿರುಗಿಬಿದ್ದಿತು ಎಂದರು. ಹೊಡೆದವರು, ಒದ್ದವರಲ್ಲಿ ಅದು ಶೇ 43.

ಬದಲಿಗೆ ಹೀಗೆ ಮಾಡು. ನಾಯಿ ನಿಶ್ಚಿಂತೆಯಿಂದ ತಿನ್ನುವಷ್ಟು ದೂರದಲ್ಲಿ ನಿಂತು, ತಟ್ಟೆಯಲ್ಲಿರುವುದಕ್ಕಿಂತ ರುಚಿಯಾದ ಒಂದು ತುಣುಕು ಎಸೆದು, ಹಿಂತಿರುಗಿ ಹೋಗು. ಮರುದಿನವೂ ಅಷ್ಟೇ. ಮನುಷ್ಯ ಬಂದರೆ ತಟ್ಟೆಗೆ ಕೂಡುತ್ತದೆ, ಕಳೆಯುವುದಿಲ್ಲ ಎಂದು ಅದಕ್ಕೆ ಖಾತ್ರಿಯಾಗಬೇಕು. ಹೆಜ್ಜೆ ಹೆಜ್ಜೆಯಾಗಿ ಹತ್ತಿರವಾಗು, ಮೈ ಬಿಗಿಯಾದ ದಿನ ಹಿಂದೆ ಸರಿ. ಅಲ್ಲಿಯವರೆಗೆ ಮಕ್ಕಳು ಇರುವ ಕೋಣೆಯಲ್ಲಿ ಊಟ ಹಾಕುವುದು ಬೇಡ. ಈ ಗುರುಗುಟ್ಟುವಿಕೆ ಇತ್ತೀಚೆಗೆ ಇದ್ದಕ್ಕಿದ್ದಂತೆ ಶುರುವಾದದ್ದಾದರೆ ತರಬೇತಿಗೂ ಮೊದಲು ಕಿವಿ, ಹಲ್ಲು, ಸೊಂಟ ತೋರಿಸಬೇಕು. ನಮ್ಮ ಕಡೆ ಉಣ್ಣಿ ಜ್ವರವನ್ನೂ ಮರೆಯಬಾರದು. ಯಾರಿಗಾದರೂ ಹಲ್ಲು ತಾಗಿದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ನೇರ ಆಸ್ಪತ್ರೆಗೆ ಕಳಿಸು, ಸಾಕಿದ ನಾಯಿ ಎಂಬ ವಾದ ಬೇಡ.

‘ಆಲ್ಫಾ’ ಎಂದರೆ ಮಾಲೀಕರಿಗೆ ಒಂದು ಕಥೆ ಸಿಗುತ್ತದೆ, ತರಬೇತುದಾರನಿಗೆ ಶುಲ್ಕ ಸಿಗುತ್ತದೆ. ನನ್ನ ಉಪಾಯದಲ್ಲಿ ಕಥೆ ಇಲ್ಲ, ತಿಂಗಳುಗಟ್ಟಲೆ ಕೆಲಸ ಇದೆ. ಶುಲ್ಕವನ್ನು ನೀನೇ ಮಾತಾಡಿಕೋ.

ಪ್ರಶ್ನೆ: ಡಾಕ್ಟರ್ ಅಮ್ಮನವರಿಗೆ ಶರಣು. ಮೊಮ್ಮಗನ ಕೈಯಲ್ಲಿ ಬರೆಸುತ್ತಿದ್ದೇನೆ. ನನ್ನ ಜೋಡಿ ಕಿಲಾರಿ ಎತ್ತುಗಳಲ್ಲಿ ಎಡಗಡೆಯದು ಮೈಗಳ್ಳನಾಗಿದೆ. ಕುಂಟೆ ಹೊಡೆಯುವಾಗ ಹೊಲದ ಬದುವಿನ ಹತ್ತಿರ ಬಂದರೆ ಕುಳಿತುಬಿಡುತ್ತದೆ. ಬಾರುಕೋಲಿಗೆ ಮೊಳೆ ಹಾಕು ಎಂದು ಅಳಿಯ ಹೇಳುತ್ತಾನೆ. ನನಗೆ ಮನಸ್ಸಿಲ್ಲ. (ಕುಷ್ಟಗಿ ತಾಲ್ಲೂಕು)

ಉತ್ತರ: ಅಜ್ಜನವರೇ, ನಿಮ್ಮ ಮನಸ್ಸು ಸರಿಯಾದ ಕಡೆಗೇ ಇದೆ. ಮೊಳೆ ಹಾಕಿದ ಕೋಲಿನಿಂದ ಎತ್ತನ್ನು ಚುಚ್ಚುವುದನ್ನು ಎಳೆಯುವ ಮತ್ತು ಹೊರೆ ಹೊರುವ ಪ್ರಾಣಿಗಳ ಬಗ್ಗೆ ಕೇಂದ್ರ ಸರ್ಕಾರ 1965ರಲ್ಲೇ ಮಾಡಿದ ನಿಯಮ ನಿಷೇಧಿಸಿದೆ. ಉಷ್ಣಾಂಶ 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಅವುಗಳಿಂದ ಎಳೆಸಬಾರದು ಎಂದೂ ಅದೇ ನಿಯಮ ಹೇಳುತ್ತದೆ. ಅಳಿಯನಿಗೆ ಓದಿ ಹೇಳಿ.

ಈಗ ಎತ್ತಿನ ಮಾತು. ಇಡೀ ಹೊಲದಲ್ಲಿ ಎಲ್ಲೂ ಕೂರದೆ ಬದುವಿನ ಹತ್ತಿರವೇ ಏಕೆ ಕೂರುತ್ತದೆ? ಮೈಗಳ್ಳನಾದರೆ ಸಾಲಿನ ನಡುವೆಯೂ ಕೂರಬೇಕಿತ್ತಲ್ಲ. ಬದುವಿನ ಮೇಲೆ ಬೇವಿನ ಮರ ಇದೆಯೇ? ನೀವು ಅಲ್ಲೇ ನೊಗ ಇಳಿಸಿ ಬುತ್ತಿ ಬಿಚ್ಚುತ್ತೀರೇ? ಅದು ಕುಳಿತಾಗ ನೀವು ಏನು ಮಾಡುತ್ತೀರಿ? ನಾಲ್ಕು ಏಟು ಹಾಕಿ, ಏಳದಿದ್ದಾಗ ಕೊರಳ ಹಗ್ಗ ಸಡಿಲಿಸಿ, ನೀರು ತೋರಿಸಿ, ಸ್ವಲ್ಪ ಹೊತ್ತು ಬಿಡುತ್ತೀರಿ ಎಂದು ನನ್ನ ಊಹೆ. ಹಾಗಿದ್ದರೆ ಎತ್ತಿಗೆ ಗೊತ್ತಾದದ್ದು ಇಷ್ಟೇ: ನಿಂತರೆ ನೊಗ, ಕುಳಿತರೆ ನೀರು. ಏಟು ನಡುವೆ ಬರುವ ಸುಂಕ. 1898ರಲ್ಲಿ ಥಾರ್ನ್‌ಡೈಕ್ ಎಂಬ ಅಮೆರಿಕನ್ನರು ಬೆಕ್ಕುಗಳನ್ನು ಅಗುಳಿ ಇದ್ದ ಪೆಟ್ಟಿಗೆಗಳಲ್ಲಿಟ್ಟು ಇದನ್ನೇ ಕಂಡರು. ಹೊರಬರುವ ದಾರಿ ಒಮ್ಮೆ ಫಲಿಸಿದರೆ ಮುಂದಿನ ಸಲ ಬೆಕ್ಕು ಅದನ್ನೇ ಬೇಗ ಮಾಡುತ್ತದೆ. ಎಳೆಯ ಹೋರಿಯನ್ನು ಪಳಗಿದ ಎತ್ತಿನ ಜೊತೆ ಹೂಡಿ, ಸರಿಯಾಗಿ ತಿರುಗಿದ ಕೂಡಲೇ ಹಗ್ಗ ಸಡಿಲ ಬಿಡುವ ನಿಮಗೆ ಇದನ್ನು ಪೆಟ್ಟಿಗೆಯ ಬೆಕ್ಕು ಬಂದು ಹೇಳಬೇಕಾಗಿಲ್ಲ. ಕಲಿಸುವಾಗ ನಿಮಗೆ ಗೊತ್ತಿರುವುದು, ಎತ್ತು ಮಾತು ಕೇಳದ ದಿನ ಮಾತ್ರ ಮರೆತು ಹೋಗುತ್ತದೆ.

ಕೂರುವ ಮುಂಚೆಯೇ, ಅದು ಚೆನ್ನಾಗಿ ಎಳೆಯುತ್ತಿರುವಾಗಲೇ, ಸಾಲಿನ ನಡುವೆ ನಿಲ್ಲಿಸಿ ನೀರು ಕೊಡಿ. ಬದುವಿನ ಹತ್ತಿರ ನಿಲ್ಲಿಸದೆ ತಿರುಗಿಸಿಕೊಂಡು ಹೋಗಿ. ಆದರೆ ಇದೆಲ್ಲಕ್ಕಿಂತ ಮೊದಲು ಹೆಗಲು ಒತ್ತಿ ನೋಡಿ. ನೊಗದ ಕೆಳಗೆ ಬಾವು ಅಥವಾ ಹುಣ್ಣಿದ್ದರೆ, ತಿರುವಿನಲ್ಲಿ ಒಂದು ಕಡೆ ಭಾರ ಬಿದ್ದಾಗ ನೋವು ಹೆಚ್ಚಾಗುತ್ತದೆ, ಬದುವಿನ ಹತ್ತಿರವೇ ಕೂರಲು ಅದೂ ಕಾರಣವಾಗಬಹುದು. ಕಾಲಿನ ಗೊರಸನ್ನೂ ಎತ್ತಿ ನೋಡಿ. ಒಂದು ದಿನ ಅದನ್ನು ಬಲಗಡೆ ಹೂಡಿ ನೋಡಿದರೆ ಅರ್ಧ ಉತ್ತರ ಹೊಲದಲ್ಲೇ ಸಿಗುತ್ತದೆ.

ಪ್ರಶ್ನೆ: ನಮ್ಮ ಮನೆಯ ನಾಯಿ ಚಪ್ಪಲಿ ಕಚ್ಚಿ ಹಾಕಿದ ದಿನ ನಾನು ಒಳಗೆ ಬರುತ್ತಲೇ ಕಿವಿ ಹಿಂದೆ ಮಾಡಿ, ಬಾಲ ಮುದುರಿ ಮೂಲೆಗೆ ಹೋಗುತ್ತದೆ. ಅದು ಪಶ್ಚಾತ್ತಾಪವಲ್ಲ ಎಂದು ನೀವು ಹಿಂದೆ ಬರೆದಿದ್ದಿರಿ. ಕಾಲೇಜಿನಲ್ಲಿ ಮನೋವಿಜ್ಞಾನ ಓದುತ್ತಿದ್ದೇನೆ. ನಿಮ್ಮ ಹಾಗೆ ಎಲ್ಲವನ್ನೂ ‘ಏನಾಯಿತು, ಏನು ಸಿಕ್ಕಿತು’ ಎಂದೇ ಬರೆದರೆ ಪ್ರಾಣಿ ಯಂತ್ರವಾಗುವುದಿಲ್ಲವೇ? (ರಾಯಚೂರು)

ಉತ್ತರ: ತಂಗಿ, ನಿನ್ನ ಮೊದಲನೆಯ ವಾಕ್ಯ ಚೆನ್ನಾಗಿದೆ: ಕಿವಿ, ಬಾಲ, ಮೂಲೆ. ಅಲ್ಲಿಗೆ ನಿಲ್ಲಿಸಿದ್ದರೆ ಜಗಳವೇ ಇರಲಿಲ್ಲ.

ನ್ಯೂಯಾರ್ಕಿನ ಅಲೆಕ್ಸಾಂಡ್ರಾ ಹೊರೊವಿಟ್ಸ್ 2009ರಲ್ಲಿ ಪ್ರಕಟಿಸಿದ ಪ್ರಯೋಗ ಇದೇ ಮುಖಭಾವದ ಬಗ್ಗೆ. ಮಾಲೀಕರು ನಾಯಿಯ ಎದುರು ತಿಂಡಿಯ ತುಣುಕು ಇಟ್ಟು, ತಿನ್ನಬೇಡ ಎಂದು ಹೇಳಿ ಹೊರಗೆ ಹೋಗುತ್ತಾರೆ. ಮರಳಿ ಬಂದಾಗ ನಾಯಿ ತಿಂದಿತೋ ಇಲ್ಲವೋ ಎಂದು ಅವರಿಗೆ ಕೆಲವು ಸಲ ನಿಜ, ಕೆಲವು ಸಲ ಸುಳ್ಳು ಹೇಳಲಾಯಿತು. ತಪ್ಪಿತಸ್ಥನಂಥ ಆ ನೋಟ ಹೆಚ್ಚಾದದ್ದು ನಾಯಿ ತಿಂದಾಗ ಅಲ್ಲ, ಮಾಲೀಕರು ಗದರಿದಾಗ. ತಿನ್ನದೆಯೂ ಗದರಿಸಿಕೊಂಡ ನಾಯಿಗಳಲ್ಲಿ ಅದು ಇನ್ನೂ ಹೆಚ್ಚು. ಅಂದರೆ ಆ ನಾಯಿಗಳು ಓದುತ್ತಿದ್ದುದು ತಮ್ಮ ಹಳೆಯ ಅಪರಾಧವನ್ನಲ್ಲ, ಎದುರಿನವರ ಮುಖವನ್ನು. ನೀನು ಗದರಿಸುವ ಮೊದಲೇ ನಿನ್ನ ನಾಯಿ ಮೂಲೆಗೆ ಹೋಗುತ್ತದೆ, ನಿಜ. ಚೂರಾದ ಚಪ್ಪಲಿ ನೆಲದ ಮೇಲಿದ್ದು ನೀನು ಒಳಗೆ ಬಂದಾಗಲೆಲ್ಲ ಏನಾಗಿದೆ ಎಂದು ಅದಕ್ಕೆ ನೆನಪಿದೆ. ನಂಬದಿದ್ದರೆ ನೀನೇ ಒಂದು ಹಳೆಯ ಚಪ್ಪಲಿ ಹರಿದು ಹಾಕಿ ಹೊರಗೆ ಹೋಗಿ ಬಂದು ನೋಡು.

ಮುಖ ಓದುವ ಈ ವಿದ್ಯೆಗೆ ಕುದುರೆಯೊಂದು ಹೆಸರುವಾಸಿ. 1904ರ ಸುಮಾರಿಗೆ ಬರ್ಲಿನ್‌ನಲ್ಲಿ ಹಾನ್ಸ್ ಎಂಬ ಕುದುರೆ ಲೆಕ್ಕದ ಉತ್ತರವನ್ನು ಗೊರಸು ತಟ್ಟಿ ಹೇಳುತ್ತಿತ್ತು. ಓಸ್ಕರ್ ಫುಂಗ್ಸ್ಟ್ ಎಂಬ ಮನೋವಿಜ್ಞಾನಿ ಪರೀಕ್ಷಿಸಿದರೆ, ಪ್ರಶ್ನೆ ಕೇಳಿದವರಿಗೇ ಉತ್ತರ ಗೊತ್ತಿಲ್ಲದಾಗ ಕುದುರೆಗೂ ಗೊತ್ತಿರಲಿಲ್ಲ. ಸರಿಯಾದ ಸಂಖ್ಯೆಗೆ ಬಂದಾಗ ಕೇಳಿದವರ ತಲೆ ಕೂದಲೆಳೆಯಷ್ಟು ಅಲುಗುತ್ತಿತ್ತು, ಕುದುರೆ ಅಲ್ಲಿಗೆ ನಿಲ್ಲಿಸುತ್ತಿತ್ತು. ಇದನ್ನು ಕುದುರೆಯ ಮೋಸ ಬಯಲಾದ ಕಥೆ ಎಂದು ಹೇಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅಷ್ಟು ಜನ ಪಂಡಿತರಿಗೆ ಕಾಣದ ಅಲುಗಾಟ ಅದಕ್ಕೆ ಕಂಡಿತ್ತು! ಲೆಕ್ಕ ಬರುತ್ತದೆ ಎಂಬ ದೊಡ್ಡ ಮಾತನ್ನು ಬಿಟ್ಟುಕೊಟ್ಟಾಗಲೇ ಕುದುರೆಗೆ ನಿಜವಾಗಿ ಬರುವ ವಿದ್ಯೆ ಯಾವುದೆಂದು ಕಂಡಿತು.

ಯಂತ್ರ ಎಂಬ ನಿನ್ನ ಭಯಕ್ಕೂ ಆಧಾರವಿದೆ. ಬಹುಮಾನ ಕೊಟ್ಟರೆ ಏನನ್ನಾದರೂ ಕಲಿಸಬಹುದು ಎಂದು ನಂಬಿದ ಕಾಲವೊಂದಿತ್ತು. ಇವತ್ತು ‘ಪಾಸಿಟಿವ್’ ಎಂಬ ಬೋರ್ಡು ಹಾಕಿಕೊಂಡ ಕೆಲವು ತರಬೇತುದಾರರಲ್ಲಿ ಆ ಕಾಲ ಮುಗಿದೇ ಇಲ್ಲ. ಆ ನಂಬಿಕೆಗೆ ಮೊದಲ ಪೆಟ್ಟು ಕೊಟ್ಟವರು ಹೊರಗಿನವರಲ್ಲ, ಬಹುಮಾನದಿಂದ ಕಲಿಸುವುದನ್ನು ಪ್ರಯೋಗಶಾಲೆಯಲ್ಲಿ ಅಧ್ಯಯನ ಮಾಡಿದ ಅಮೆರಿಕದ ಮನೋವಿಜ್ಞಾನಿ ಸ್ಕಿನ್ನರ್ ಅವರ ಶಿಷ್ಯರೇ ಆಗಿದ್ದ ಕೆಲರ್ ಮತ್ತು ಮರಿಯನ್ ಬ್ರೆಲೆಂಡ್ ದಂಪತಿ. ಪ್ರದರ್ಶನ, ಜಾಹೀರಾತುಗಳಿಗೆ ಪ್ರಾಣಿಗಳನ್ನು ತಯಾರು ಮಾಡುವುದೇ ಅವರ ಉದ್ಯೋಗ. ನಾಣ್ಯಗಳನ್ನು ತಂದು ಡಬ್ಬಿಗೆ ಹಾಕಲು ಹಂದಿಗಳಿಗೆ ಕಲಿಸಿದರು. ಮೊದಲು ಚುರುಕಾಗಿ ತಂದು ಹಾಕಿದ ಹಂದಿಗಳು ಕೆಲವು ವಾರಗಳಾದ ಮೇಲೆ ನಾಣ್ಯವನ್ನು ದಾರಿಯಲ್ಲೇ ಬೀಳಿಸಿ ಮೂತಿಯಿಂದ ನೆಲ ಹೂಡತೊಡಗಿದವು, ತಿಂಡಿ ತಡವಾದರೂ ಸರಿ. ರಕೂನ್ ಎಂಬ ಅಲ್ಲಿನ ಪ್ರಾಣಿಗೆ ಎರಡು ನಾಣ್ಯ ಕೊಟ್ಟರೆ ಹಾಕದೆ ಒಂದಕ್ಕೊಂದು ಉಜ್ಜುತ್ತ ಕೂರುತ್ತಿತ್ತು, ಜಿಪುಣ ಸಾಹುಕಾರನ ಹಾಗೆ. ಅದು ತನ್ನ ಆಹಾರವನ್ನು ತೊಳೆದು ಉಜ್ಜಿ ತಿನ್ನುವ ಜಾತಿ. 1961ರಲ್ಲಿ ಅವರು ಇದನ್ನೆಲ್ಲ ಮುಚ್ಚುಮರೆಯಿಲ್ಲದೆ ಬರೆದರು. ಕಲಿಸಿದ್ದರ ಕೆಳಗೆ ಹುಟ್ಟಿನಿಂದ ಬಂದದ್ದು ಇರುತ್ತದೆ, ಅದು ತನ್ನ ಪಾಲು ಕೇಳುತ್ತದೆ.

ಹಾಗಾಗಿ ನಡೆದದ್ದನ್ನು ನಡೆದ ಹಾಗೆ ಬರೆ ಎಂದರೆ ಪ್ರಾಣಿಗೆ ಒಳಗೆ ಏನೂ ಇಲ್ಲ ಎಂದಲ್ಲ. ನಿನ್ನ ನಾಯಿಗೆ ಆ ಮೂಲೆಯಲ್ಲಿ ಭಯವಾಗುತ್ತಿದೆ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ, ಎದೆಯ ಬಡಿತ ಎಣಿಸಿದರೆ ಗೊತ್ತಾಗುತ್ತದೆ. ಪಶ್ಚಾತ್ತಾಪ ಎಂದುಕೊಂಡರೆ ನೀನು ಇನ್ನೂ ಗದರಿಸುತ್ತೀಯೆ, ಭಯ ಎಂದು ಗೊತ್ತಾದರೆ ಚಪ್ಪಲಿಯನ್ನು ಎತ್ತಿಡುತ್ತೀಯೆ.

ಪ್ರಶ್ನೆ: ದರೋಜಿ ಕರಡಿಧಾಮಕ್ಕೆ ಹೋಗಿದ್ದೆವು. ಸಂಜೆಯಾಗುತ್ತಲೇ ಕರಡಿಗಳು ಸರಿಯಾಗಿ ಬಂಡೆಗಳ ಮೇಲೆ ಬರುತ್ತವೆ. ಅವು ಮನುಷ್ಯರಿಗೆ ಹೊಂದಿಕೊಂಡು ಸಾಧುವಾಗಿವೆ ಎಂದು ಜೊತೆಗಿದ್ದವರು ಹೇಳಿದರು. ನಿಜವೇ? (ಬಳ್ಳಾರಿ)

ಉತ್ತರ: ಬಂಡೆಗಳ ಮೇಲೆ ಬೆಲ್ಲದ ಪಾಕ ಸವರಿರುತ್ತಾರೆ, ಕರಡಿ ಅದಕ್ಕೆ ಬರುತ್ತದೆ. ನೀವು ವೀಕ್ಷಣಾ ಗೋಪುರದಲ್ಲಿ ಇದ್ದರೂ ಬರುತ್ತದೆ, ಇಲ್ಲದಿದ್ದರೂ ಬರುತ್ತದೆ. ಹೊತ್ತು ಮತ್ತು ಜಾಗ ಕಲಿತಿದೆ ಅಷ್ಟೇ. ಸಾಧುವಾಗಿದೆ ಎನ್ನಲು ಏನೂ ಕಾಣುವುದಿಲ್ಲ. ಇದೇ ಕರಡಿ ಸಜ್ಜೆ ಹೊಲದ ಅಂಚಿನಲ್ಲಿ ಎದುರಾದರೆ ನಿಮ್ಮ ಜೊತೆಗಾರರ ಅಭಿಪ್ರಾಯ ಬದಲಾಗುತ್ತದೆ. ಕರಡಿಗಳಿಗೆಂದೇ 1994ರಲ್ಲಿ ಆದ ಧಾಮ ಅದು, ಅಲ್ಲಿ ಅವು ಕಾಡುಪ್ರಾಣಿಗಳಾಗಿಯೇ ಇರಲಿ.

ಒಂದು ಮಾತು ಸೇರಿಸುತ್ತೇನೆ. ನನ್ನ ವಯಸ್ಸಿನವರೆಲ್ಲ ಊರ ಬೀದಿಯಲ್ಲಿ ಕರಡಿ ಕುಣಿತ ನೋಡಿದವರು. ಕಾಯಿಸಿದ ಕಬ್ಬಿಣದ ಸಲಾಕೆಯಿಂದ ಮೂತಿಗೆ ತೂತು ಮಾಡಿ ಹಗ್ಗ ಪೋಣಿಸಿರುತ್ತಿದ್ದರು. ಹಗ್ಗ ಮೇಲಕ್ಕೆ ಜಗ್ಗಿದಾಗ ನೋವು ಕಡಿಮೆಯಾಗಲು ಕರಡಿ ಹಿಂಗಾಲ ಮೇಲೆ ಏಳುತ್ತಿತ್ತು, ಆ ಕಡೆ ಈ ಕಡೆ ಹೆಜ್ಜೆ ಹಾಕುತ್ತಿತ್ತು. ಸುತ್ತ ನಿಂತ ನಾವು ಅದನ್ನು ಕುಣಿತ ಎಂದು ಕರೆದು ಕಾಸು ಹಾಕಿದೆವು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೂ ಅದು ದಶಕಗಳ ಕಾಲ ನಡೆಯಿತು.

ಪ್ರಶ್ನೆ: ನಮ್ಮ ಮನೆಯ ಪಂಜರದ ಗಿಳಿಗೆ ಮಾತು ಕಲಿಸುವುದು ಹೇಗೆ? (ಮಾನ್ವಿ)

ಉತ್ತರ: ನಮ್ಮ ಊರಿನ ಕೊರಳಪಟ್ಟಿಯ ಹಸಿರು ಗಿಳಿಯಾದರೆ ಅದನ್ನು ಪಂಜರದಲ್ಲಿಡುವುದೇ ಮೇಲೆ ಹೇಳಿದ 1972ರ ಕಾಯ್ದೆಯಡಿ ಅಪರಾಧ. ಅರಣ್ಯ ಇಲಾಖೆಯ ಕಚೇರಿಗೆ ಒಪ್ಪಿಸಿ. ನೀವೇ ಹಾರಿಬಿಡಬೇಡಿ, ಪಂಜರದಲ್ಲೇ ಬೆಳೆದದ್ದು ಹೊರಗೆ ಬದುಕುವುದು ಕಷ್ಟ.

ಪ್ರಶ್ನೆ: ನಮ್ಮ ಮುರ್ರಾ ಎಮ್ಮೆ ಅಮ್ಮನಿಗೆ ಸುಮ್ಮನೆ ಹಾಲು ಕೊಡುತ್ತದೆ. ನಾನು ಕುಳಿತರೆ ಒದೆಯುತ್ತದೆ, ಹಾಲು ಏರಿಸಿಕೊಳ್ಳುತ್ತದೆ. ಅದಕ್ಕೆ ಸೊಕ್ಕು ಎಂದು ಎಲ್ಲರೂ ಹೇಳುತ್ತಾರೆ. ಇಂಜೆಕ್ಷನ್ ಕೊಡಿಸಲೇ? (ಸಿಂಧನೂರು)

ಉತ್ತರ: ಇಂಜೆಕ್ಷನ್ ಬೇಡ. ಅದರಲ್ಲಿರುವ, ಹಾಲು ಇಳಿಸುವ ಆಕ್ಸಿಟೋಸಿನ್ ಎಮ್ಮೆಯ ಮೈಯಲ್ಲೇ ಹುಟ್ಟುತ್ತದೆ, ಕೆಚ್ಚಲು ತೊಳೆದು ನೀವಿದಾಗ ಅದು ರಕ್ತಕ್ಕೆ ಬಂದು ಹಾಲು ಇಳಿಯುತ್ತದೆ. ಹೆದರಿದಾಗ ಮೈಯಲ್ಲಿ ಏರುವ ಅಡ್ರಿನಾಲಿನ್ ಅದನ್ನು ತಡೆಯುತ್ತದೆ. ‘ಏರಿಸಿಕೊಳ್ಳುವುದು’ ಎಂದು ನೀನು ಬರೆದದ್ದು ಎಮ್ಮೆಯ ತೀರ್ಮಾನವಲ್ಲ.

ಒಂದು ಸಂಜೆ ಅಮ್ಮ ಹಾಲು ಕರೆಯುವಾಗ ದೂರ ನಿಂತು ನೋಡು. ಯಾವ ಕಡೆಯಿಂದ ಹೋಗುತ್ತಾರೆ, ಮೊದಲು ಎಲ್ಲಿ ಕೈ ಇಡುತ್ತಾರೆ, ಏನು ಮಾತಾಡುತ್ತಾರೆ, ಹಿಂಡಿಯ ಬುಟ್ಟಿ ಯಾವಾಗ ಮುಂದಿಡುತ್ತಾರೆ. ದನ ಎಮ್ಮೆಗಳಿಗೆ ಎರಡೂ ಪಕ್ಕ ಚೆನ್ನಾಗಿ ಕಾಣುತ್ತದೆ, ನೇರ ಹಿಂದೆ ಕಾಣುವುದಿಲ್ಲ. ನೀನು ಬೈಕ್ ನಿಲ್ಲಿಸಿ ಹಿಂದಿನಿಂದ ಬಂದು ಕುಳಿತುಕೊಳ್ಳುತ್ತೀಯೇನೋ. ಅಮ್ಮನ ಹಳೆಯ ಸೀರೆಯ ತುಂಡನ್ನು ಹೆಗಲ ಮೇಲೆ ಹಾಕಿಕೊಂಡು ಕೆಲವು ದಿನ ಅವರ ಪಕ್ಕದಲ್ಲೇ ಕೂರು. ನಂತರ ಕೊನೆಯ ನಾಲ್ಕು ಹಿಂಡು ಮಾತ್ರ ನೀನು ಹಿಂಡು, ಆಮೇಲೆ ಸ್ವಲ್ಪ ಸ್ವಲ್ಪ ಹೆಚ್ಚಿಸು.

ಇದಕ್ಕೂ ಮೊದಲು ನಿನ್ನ ಕೈ ನೋಡಿಕೋ. ಹೆಬ್ಬೆರಳು ಮಡಿಸಿ ಹಿಂಡುವ ಅಭ್ಯಾಸವಿದ್ದರೆ ಮೊಲೆತೊಟ್ಟಿಗೆ ನೋವಾಗುತ್ತದೆ, ಉಗುರು ಬೆಳೆದಿದ್ದರೆ ಇನ್ನೂ. ಮೊದಲ ಧಾರೆಯನ್ನು ಕಪ್ಪು ಬಟ್ಟೆಯ ಮೇಲೆ ಕರೆದು ಗಂಟುಗಂಟಾಗಿ ಬರುತ್ತದೆಯೇ ನೋಡು. ಬಂದರೆ ಅದು ಕೆಚ್ಚಲು ಬಾವು, ಅದೇ ದಿನ ನಿಮ್ಮ ಊರಿನ ಪಶು ಆಸ್ಪತ್ರೆಗೆ ಹೇಳು.